ಕಾರಿನ ಎ.ಸಿ.ಗೆ ಮನೇಲೇ ಗ್ಯಾಸ್ ತುಂಬೋ ಮುಂಚೆ

ನಾನು ಚಳ್ಳಕೆರೆ ಸೀಮೆಯ ಮಳೆಯಾಶ್ರಯದ ರೈತ. ಶೇಂಗಾ, ತೊಗರಿ ನನ್ನ ಬೆಳೆ. ಓದಿದ್ದು ಏಳನೇ ಕ್ಲಾಸು. ಕಾರಿನ ಎ.ಸಿ. ಬಗ್ಗೆ ಬರೆಯೋಕೆ ಇವನ್ಯಾರು ಅಂತ ನೀವು ಕೇಳಬಹುದು. ಹದಿನಾರು ಸಾವಿರ ರೂಪಾಯಿ ಕಳಕೊಂಡು ಕಲಿತ ಪಾಠ ಇದು. ಎರಡು ಕ್ವಿಂಟಾಲ್ ಶೇಂಗಾ ಮಾರಿದ್ರೂ ಅಷ್ಟು ಬರೋದಿಲ್ಲ. ನಿಮ್ಮ ದುಡ್ಡಾದ್ರೂ ಉಳೀಲಿ ಅಂತ ಬರೀತಾ ಇದ್ದೀನಿ.

ನನ್ನ ಅಣ್ಣನಿಗೆ ಕಿಡ್ನಿ ಕೆಟ್ಟು ಮೂರು ವರ್ಷ ಆಯ್ತು. ವಾರಕ್ಕೆ ಎರಡು ಸಲ ದುರ್ಗದ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಹೋಗಬೇಕು. ಮಗ ಬಾಡಿಗೆಗೆ ಅಂತ ತಗೊಂಡ ಹಳೇ ಕಾರಿನಲ್ಲೇ ಕರಕೊಂಡು ಹೋಗ್ತೀವಿ. ಈ ಕಾಯಿಲೆಯವರಿಗೆ ನೀರು ಲೆಕ್ಕ ಹಾಕಿ ಕೊಡಬೇಕು. ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಬಾಯಾರಿ ನಾಲಿಗೆ ಒಣಗಿದ್ರೂ ಹೊಟ್ಟೆ ತುಂಬಾ ನೀರು ಕುಡಿಯೋ ಹಾಗಿಲ್ಲ. ನಮಗೆ ಎ.ಸಿ. ಬೇಕಾದದ್ದು ಶೋಕಿಗಲ್ಲ.

ಅಂಥ ಬೇಸಿಗೇಲೇ ಅದು ಬಿಸಿಗಾಳಿ ಬಿಡೋಕೆ ಶುರು ಮಾಡ್ತು. 'ಗ್ಯಾಸ್ ಖಾಲಿ ಆಗಿರುತ್ತೆ, ಡಬ್ಬಿ ತಂದು ನೀವೇ ತುಂಬಿಸ್ಕೊಳ್ಳಿ' ಅಂತ ಯಾರೋ ಹೇಳಿದ್ರು. ಎರಡು ಡಬ್ಬಿ, ಒಂದು ಪೈಪು, ಒಂದು ಮೀಟರ್ ತಂದು ತುಂಬಿದೆ. ಎಂಟು ದಿನ ತಣ್ಣಗಾಯ್ತು. ಮತ್ತೆ ಬಿಸಿ. ಮತ್ತೆ ತುಂಬಿದೆ. ಹದಿನೈದನೇ ದಿನ ಬಾನೆಟ್ ಒಳಗೆ ಕಿರ್ರ್ ಅಂತ ಸದ್ದು ಬಂದು ಕಂಪ್ರೆಸರ್ ಹಿಡಕೊಂಡುಬಿಡ್ತು.

ಇದು ಕೆಲಸ ಮಾಡೋದು ಹೇಗೆ?

ಮಣ್ಣಿನ ಹರವಿಯಲ್ಲಿ ನೀರು ತಣ್ಣಗಾಗೋದು ಹೇಗೆ? ಹೊರಮೈಗೆ ಜಿನುಗಿದ ನೀರು ಆವಿಯಾಗುವಾಗ ಶಾಖ ಎಳಕೊಂಡು ಹೋಗುತ್ತೆ. ಎ.ಸಿ.ಯಲ್ಲೂ ಅದೇ. ವ್ಯತ್ಯಾಸ ಏನಂದ್ರೆ ಇಲ್ಲಿ ಆವಿಯಾದದ್ದನ್ನು ಹೊರಗೆ ಬಿಡದೆ ಮತ್ತೆ ದ್ರವ ಮಾಡಿ ವಾಪಸ್ ತರ್ತಾರೆ.

ಇಂಜಿನ್ನಿನ ಬೆಲ್ಟಿನಿಂದ ಓಡುವ ಕಂಪ್ರೆಸರ್ ಗ್ಯಾಸನ್ನು ಒತ್ತುತ್ತೆ. ಒತ್ತಿದಾಗ ಅದು ಬಿಸಿಯಾಗುತ್ತೆ. ರೇಡಿಯೇಟರ್ ಮುಂದೆ ಇರುವ ಜಾಲರಿಗೆ ಕಂಡೆನ್ಸರ್ ಅಂತಾರೆ. ಅಲ್ಲಿ ಗಾಳಿಗೆ ಬಿಸಿ ಬಿಟ್ಟು ಗ್ಯಾಸ್ ದ್ರವವಾಗುತ್ತೆ. ಮುಂದೆ ಫಿಲ್ಟರ್ ಬಾಟ್ಲಿ ದಾಟಿ, ಸಣ್ಣ ಕಂಡಿಯ ವಾಲ್ವಿನಿಂದ ಡ್ಯಾಶ್‌ಬೋರ್ಡಿನ ಒಳಗಿನ ಕಾಯಿಲ್‌ಗೆ ನುಗ್ಗುತ್ತೆ. ಅಲ್ಲಿ ಒತ್ತಡ ಇಳಿದು ಆವಿಯಾಗುವಾಗ ಕಾರಿನ ಒಳಗಿನ ಶಾಖ ಹೀರುತ್ತೆ. ಈಗ ಹೆಚ್ಚಾಗಿ ಇರುವ ಆರ್-134ಎ ಗ್ಯಾಸು ಬಯಲಿಗೆ ಬಿಟ್ರೆ ಮೈನಸ್ 26 ಡಿಗ್ರಿಯಲ್ಲೇ ಕುದಿಯುತ್ತೆ. ನನ್ನ ಬೆರಳಿಗೆ ಸಿಡಿದು ಬೆಂಕಿ ತಗುಲಿದ ಹಾಗೆ ಬೊಬ್ಬೆ ಎದ್ದಿತ್ತು. ಕಣ್ಣಿಗೆ ಬಿದ್ದಿದ್ರೆ ಕಣ್ಣೇ ಹೋಗ್ತಿತ್ತು.

ಗ್ಯಾಸು ಪೆಟ್ರೋಲಿನ ಹಾಗೆ ಖರ್ಚಾಗೋದಿಲ್ಲ

ಎಲ್ಲಾ ತಪ್ಪಿನ ಬೇರು ಇಲ್ಲಿದೆ. ಗ್ಯಾಸು ಮುಚ್ಚಿದ ಪೈಪಿನೊಳಗೆ ಸುತ್ತುತ್ತಾ ಇರುತ್ತೆ. ಹಲವು ವರ್ಷದಲ್ಲಿ ಒಂಚೂರು ಜಿನುಗಬಹುದು. ಎಂಟೇ ದಿನದಲ್ಲಿ ಹೋಯ್ತು ಅಂದ್ರೆ ಎಲ್ಲೋ ತೂತಿದೆ. ಕೃಷಿಹೊಂಡದ ತಳ ಸೋರುವಾಗ ಟ್ಯಾಂಕರ್ ನೀರು ತಂದು ತುಂಬ್ತೀವಾ? ನಾನು ಮಾಡಿದ್ದು ಅದನ್ನೇ.

ಕಂಪ್ರೆಸರಿಗೆ ಬೇಕಾದ ಎಣ್ಣೆಯೂ ಗ್ಯಾಸಿನ ಜೊತೇನೇ ಸುತ್ತುತ್ತೆ. ಸೋರಿದಾಗ ಎಣ್ಣೆಯೂ ಹೋಗುತ್ತೆ. ಡಬ್ಬಿಯಿಂದ ನಾನು ತುಂಬಿದ್ದು ಬರೀ ಗ್ಯಾಸು. ಎಣ್ಣೆ ಇಲ್ಲದ ಗಾಡಿ ಅಚ್ಚಿನ ಹಾಗೆ ಕಂಪ್ರೆಸರ್ ಸವೆದು ನಿಂತಿತು. ಮೆಕ್ಯಾನಿಕ್ ಹುಡುಗ ಕಂಡೆನ್ಸರಿನ ಪೈಪು ಸೇರುವ ಕಡೆ ತೋರಿಸಿದ. ಎಣ್ಣೆಗೆ ಧೂಳು ಅಂಟಿ ಕಪ್ಪಾಗಿತ್ತು. 'ಯಜಮಾನ್ರೇ, ಒಂದು ರಬ್ಬರ್ ರಿಂಗ್ ಹೋಗಿತ್ತು ಅಷ್ಟೇ. ಮೊದಲೇ ತಂದಿದ್ರೆ ಕಂಪ್ರೆಸರ್ ಉಳೀತಿತ್ತು' ಅಂದ.

ಮೀಟರ್ ನಂಬಿ ಕೆಟ್ಟೆ

ಇನ್ನೊಂದು ತಪ್ಪು, ಮೀಟರ್ ನೋಡಿ ತುಂಬಿದ್ದು. ಅಡುಗೆ ಸಿಲಿಂಡರ್ ತುಂಬಿದ್ರೂ ಅರ್ಧ ಇದ್ರೂ ಒಳಗಿನ ಒತ್ತಡ ಹೆಚ್ಚುಕಮ್ಮಿ ಒಂದೇ. ಎಷ್ಟಿದೆ ಅಂತ ತೂಕ ಮಾಡಿದ್ರೇ ಗೊತ್ತಾಗೋದು. ಇದೂ ಹಾಗೇ. ಇಂಜಿನ್ ಬಂದ್ ಇದ್ದಾಗ ಮೀಟರ್ ತೋರಿಸೋದು ಆ ದಿನದ ಬಿಸಿಲನ್ನ. 30 ಡಿಗ್ರಿಗೆ ಸುಮಾರು 95 ಪೌಂಡ್ ಒತ್ತಡ ಇರುತ್ತೆ. ಒಳಗೆ ಸ್ವಲ್ಪ ದ್ರವ ಉಳಿದಿದ್ರೂ ಅಷ್ಟೇ ತೋರಿಸುತ್ತೆ.

ಎಷ್ಟು ಗ್ರಾಂ ಬೇಕು ಅಂತ ಬಾನೆಟ್ ಕೆಳಗಿನ ಚೀಟಿಯಲ್ಲಿ ಬರೆದಿರುತ್ತೆ. ಸಣ್ಣ ಕಾರಿಗೆ ಸಾಮಾನ್ಯವಾಗಿ 350 ರಿಂದ 500 ಗ್ರಾಂ. ಜಾಸ್ತಿ ತುಂಬಿದ್ರೆ ಜಾಸ್ತಿ ತಂಪು ಬರೋದಿಲ್ಲ. ಒತ್ತಡ ಏರಿ ತಂಪು ಕಮ್ಮಿಯಾಗುತ್ತೆ, ಕಂಪ್ರೆಸರಿಗೂ ಪೆಟ್ಟು.

ನಾವೇ ಮಾಡಬಹುದಾದ್ದು

ಗ್ಯಾಸಿಗೆ ಕೈ ಹಾಕೋ ಮುಂಚೆ ಇಷ್ಟು ನೋಡಿ.

1. ಎ.ಸಿ. ಹಾಕಿದಾಗ ಕಂಪ್ರೆಸರಿನಲ್ಲಿ ಟಕ್ ಅಂತ ಸದ್ದು ಬಂದು ಅದರ ಮುಂಭಾಗ ತಿರುಗಬೇಕು. ಬರದಿದ್ರೆ ಮೊದಲು ಫ್ಯೂಸ್ ನೋಡಿ.

2. ಗಾಡಿ ಓಡುವಾಗ ತಂಪು, ನಿಂತಾಗ ಬಿಸಿ ಅಂದ್ರೆ ಮುಂದಿನ ಫ್ಯಾನ್ ಅಥವಾ ಕಂಡೆನ್ಸರ್ ಮೇಲೆ ಅನುಮಾನ ಪಡಿ. ನಮ್ಮ ಹೊಲದ ದಾರಿ ಧೂಳು, ಕಣದ ಹೊಟ್ಟು ಅದರ ಸಂದಿನಲ್ಲಿ ಕೂತಿರುತ್ತೆ. ಇಂಜಿನ್ ಆರಿದ ಮೇಲೆ ಕಮ್ಮಿ ಒತ್ತಡದ ನೀರಲ್ಲಿ ತೊಳೀರಿ. ನಾನು ಬೆನ್ನಿಗೆ ಹಾಕೋ ಪಂಪನ್ನು ಔಷಧಿ ವಾಸನೆ ಹೋಗೋವರೆಗೂ ತೊಳೆದು ಬಳಸ್ತೀನಿ. ವಾಟರ್ ಸರ್ವಿಸ್ ಪೈಪನ್ನು ಹತ್ತಿರ ಹಿಡಿದ್ರೆ ತಗಡಿನ ಎಳೆ ಮಡಚಿಹೋಗುತ್ತೆ.

3. ಗಾಳಿಯೇ ಜೋರಾಗಿ ಬರದಿದ್ರೆ ಒಳಗಿನ ಗಾಳಿ ಫಿಲ್ಟರ್ ಬಿಚ್ಚಿ ನೋಡಿ.

4. ಪೈಪಿನ ಜಾಯಿಂಟುಗಳಲ್ಲಿ ಎಣ್ಣೆ ಕಲೆ ಇದೆಯಾ ನೋಡಿ. ಇಂಜಿನ್ ಬಂದ್ ಇರುವಾಗ ಅಲ್ಲಿ ಸೋಪು ನೀರು ಹಚ್ಚಿ. ಗುಳ್ಳೆ ಬಂದ್ರೆ ಸೋರಿಕೆ ಅಲ್ಲೇ.

ಸೋರಿಕೆ ಸಿಕ್ಕಿದ್ರೆ ಮುಂದಿನದು ಮೆಕ್ಯಾನಿಕ್ ಕೆಲಸ. ಅವರು ಗ್ಯಾಸ್ ತೆಗೆದು, ರಿಂಗ್ ಬದಲಿಸಿ, ವ್ಯಾಕ್ಯೂಮ್ ಪಂಪಿನಿಂದ ಅರ್ಧ ಗಂಟೆಯಾದರೂ ಒಳಗಿನ ಗಾಳಿ, ತೇವ ಎಳೀತಾರೆ. ತೇವ ಉಳಿದ್ರೆ ವಾಲ್ವಿನ ಕಂಡಿಯಲ್ಲಿ ಮಂಜುಗಡ್ಡೆ ಕಟ್ಟುತ್ತೆ, ಆಸಿಡ್ ಆಗಿ ಲೋಹ ತಿನ್ನುತ್ತೆ. ಪಂಪ್ ನಿಲ್ಲಿಸಿದ ಮೇಲೆ ಮುಳ್ಳು ಕದಲಬಾರದು. ಕದಲಿದ್ರೆ ಇನ್ನೂ ಸೋರಿಕೆ ಇದೆ ಅಂತ. ಎದುರಿಗೆ ನಿಂತು ನೋಡಿ, ತೂಕ ಮಾಡಿಯೇ ಗ್ಯಾಸ್ ತುಂಬಿಸಿ. ಹೋದಷ್ಟು ಎಣ್ಣೆ ಹಾಕಿದ್ರಾ ಅಂತಲೂ ಕೇಳಿ.

ಆದ್ರೂ ಮನೇಲೇ ತುಂಬ್ತೀನಿ ಅನ್ನೋರಿಗೆ

ದಪ್ಪ ಪೈಪಿನ 'ಎಲ್' ಮುಚ್ಚಳದ ಬಾಯಿಗೇ ಹಾಕಬೇಕು. ಸಣ್ಣ ಪೈಪಿನ 'ಎಚ್' ಬಾಯಿಯಲ್ಲಿ ಓಡುವಾಗ 200 ಪೌಂಡ್ ಮೇಲೂ ಒತ್ತಡ ಇರುತ್ತೆ. ಅದು ಡಬ್ಬಿಗೆ ತಿರುಗಿ ನುಗ್ಗಿದ್ರೆ ಡಬ್ಬಿ ಸಿಡಿದೀತು. ಡಬ್ಬಿ ನೆಟ್ಟಗಿರಲಿ. ತಲೆಕೆಳಗೆ ಮಾಡಿದ್ರೆ ದ್ರವ ನುಗ್ಗಿ ಕಂಪ್ರೆಸರ್ ಮುರಿಯುತ್ತೆ. ಡಬ್ಬಿಗೆ ಬೆಂಕಿ ತೋರಿಸಬೇಡಿ. ಕೈಗವಸು, ಕನ್ನಡಕ ಬೇಕೇ ಬೇಕು. ಡಬ್ಬಿಯನ್ನು ತಕ್ಕಡಿ ಮೇಲಿಟ್ಟು ಎಷ್ಟು ಗ್ರಾಂ ಹೋಯ್ತು ನೋಡ್ತಾ ಇರಿ. ಆದ್ರೆ ಒಳಗೆ ಮೊದಲೇ ಎಷ್ಟಿತ್ತು ಅನ್ನೋದು ಗೊತ್ತಾಗೋದಿಲ್ಲ. ಅದಕ್ಕೇ ಪೂರ್ತಿ ತೆಗೆದು ತೂಕ ಮಾಡಿ ತುಂಬೋದೇ ಸರಿ ಅನ್ನೋದು.

ಅಡುಗೆ ಗ್ಯಾಸ್ ಮಾತ್ರ ಯಾವ ಕಾರಣಕ್ಕೂ ತುಂಬಬೇಡಿ. ತಂಪೇನೋ ಆಗುತ್ತೆ. ಆದ್ರೆ ಕಾಯಿಲ್ ಇರೋದು ನಾವು ಕೂರೋ ಜಾಗದ ಮುಂದೆ. ಅಲ್ಲಿ ಸೋರಿದ್ರೆ ಒಂದು ಬೀಡಿ ಕಿಡಿ ಸಾಕು.

ಬಯಲಿಗೆ ಬಿಟ್ಟ ಗ್ಯಾಸಿನ ಲೆಕ್ಕವೂ ಇದೆ. ಹಳೇ ಕಾರುಗಳ ಆರ್-12 ಗ್ಯಾಸು ಓಜೋನ್ ಪದರ ಹರೀತಾ ಇತ್ತು. 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ 2010ರ ಹೊತ್ತಿಗೆ ನಮ್ಮ ದೇಶದಲ್ಲೂ ನಿಂತಿತು. ಆರ್-134ಎ ಓಜೋನಿಗೆ ತೊಂದರೆ ಕೊಡೋದಿಲ್ಲ. ಆದ್ರೆ ಒಂದು ಕಿಲೋ ಸೋರಿದ್ರೆ ನೂರು ವರ್ಷದಲ್ಲಿ ಸುಮಾರು 1,400 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿ ಬಿಸಿ ಮಾಡುತ್ತೆ. ಮಳೆ ನಂಬಿ ಬದುಕೋ ನಾನೇ ಎರಡು ಸಲ ಅದನ್ನ ಗಾಳಿಗೆ ಬಿಟ್ಟೆ.

ಈಗ ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎ.ಸಿ. ಓಡಿಸ್ತೀವಿ. ಸೀಲುಗಳಿಗೆ ಎಣ್ಣೆ ತಾಗಿ ಒಣಗದೆ ಇರುತ್ತವೆ. ಹದಿನೈದು ದಿನಕ್ಕೊಮ್ಮೆ ಕಂಡೆನ್ಸರ್ ತೊಳೀತೀನಿ. ರಿಪೇರಿ ಆದ ಮೇಲೆ ಒಂದು ಪೂರ್ತಿ ಬೇಸಿಗೆ ಕಳೆದಿದೆ, ಗ್ಯಾಸ್ ತುಂಬಿಲ್ಲ. ಡಯಾಲಿಸಿಸ್ ಮುಗಿಸಿ ಬರುವಾಗ ಅಣ್ಣ ನೀರು ಕೇಳೋದು ಕಮ್ಮಿಯಾಗಿದೆ. ಊರು ಬರೋವರೆಗೂ ನಿದ್ದೆ ಮಾಡ್ತಾನೆ.