ಬೇಸಿಗೆಯ ಬೆಂಕಿಯೂ ನೆರೆಯವರ ಹಿತ್ತಿಲೂ

ಶಿವರಾತ್ರಿ ಕಳೆಯಿತೆಂದರೆ ನಾಗನೂರ ಸುತ್ತಲಿನ ಸೀಮೆಗೆ ಎರಡು ಕಡೆಯಿಂದ ಬೆಂಕಿಯ ಭಯವುಂಟಾಗುವದು. ಒಂದು, ಗೋಕಾಕ, ಹುಕ್ಕೇರಿ ತಾಲೂಕುಗಳ ಗುಡ್ಡಗಳ ಮೇಲಿನ ಒಣಹುಲ್ಲು. ಇನ್ನೊಂದು, ಘಟಪ್ರಭೆಯ ನೀರಿನಿಂದ ಬೆಳೆದ ಕಬ್ಬನ್ನು ಕಡಿದ ಮೇಲೆ ಹೊಲದಲ್ಲಿ ಉಳಿಯುವ ರವದಿ. ಬೆಂಕಿ ಹತ್ತುವದು ಹೊರಗೆ. ಹಾನಿ ತಟ್ಟುವದು ಊರಂಚಿನ ಮನೆ, ಕೊಟ್ಟಿಗೆ, ಬಣವೆಗಳಿಗೆ. ಮೇವು ಸುಟ್ಟ ರಯತನು ಮಳೆಗಾಲದ ತನಕ ದನಗಳನ್ನು ಸಾಕಲಾರದೆ ಸಂತೆಗೆ ಹೊಡೆಯುವನು. ಹೀಗೆ ಒಂದು ತಾಸಿನ ಬೆಂಕಿಯು ಒಂದು ವರುಷದ ಒಕ್ಕಲುತನವನ್ನು ಕೆಡಿಸುವದು.

ಬೆಂಕಿಯು ಮನೆಗೆ ಹ್ಯಾಗೆ ಬರುವದೆಂಬುದನ್ನು ಮೊದಲು ತಿಳಿಯತಕ್ಕದ್ದು. ಅದು ನೆಲದ ಮೇಲೆ ಹರಿದೇ ಬರಬೇಕೆಂಬುದಿಲ್ಲ. ಗಾಳಿಯು ಹೊತ್ತು ತಂದ ಕಿಡಿಯು ಗೋಡೆಗೆ ಹಚ್ಚಿ ಒಟ್ಟಿದ ಕಣಿಕೆಯ ಮೇಲೋ ಕುಳ್ಳಿನ ರಾಶಿಯ ಮೇಲೋ ಬಿದ್ದರೆ ಸಾಕು. ಅಮೇರಿಕೆಯಲ್ಲಿ ಕಾಡ್ಗಿಚ್ಚಿಗೆ ಸಿಕ್ಕ ಮನೆಗಳನ್ನು ಪರೀಕ್ಷಿಸಿದವರು ಅನೇಕ ಮನೆಗಳು ಇಂಥ ಕಿಡಿಗಳಿಂದಲೇ ಹೊತ್ತಿದವೆಂದು ಕಂಡಿದ್ದಾರೆ. ಆದುದರಿಂದ ಅಲ್ಲಿ ಮನೆಯ ಗೋಡೆಯಿಂದ 5 ಅಡಿಯೊಳಗೆ ಉರಿಯುವ ವಸ್ತುವೇ ಇರಬಾರದೆಂದೂ, 30 ಅಡಿಯ ತನಕ ಒಣ ಕಸವನ್ನು ತೆಗೆದು ಗಿಡಗಳನ್ನು ಬಿಡಿಬಿಡಿಯಾಗಿ ಇಡಬೇಕೆಂದೂ ಹೇಳುತ್ತಾರೆ. ಕ್ಯಾಲಿಫೋರ್ನಿಯದಲ್ಲಿ ಫಾಯರ್ ಸೇಫ್ ಕೌನ್ಸಿಲ್ ಎಂಬ, ಲಾಭವನ್ನು ಬಯಸದ ಊರೂರಿನ ಸಂಘಗಳು ಮನೆಗಳನ್ನು ನೋಡಿ ಸಲಹೆ ಕೊಡುತ್ತವೆ. ಅವುಗಳಲ್ಲಿ ಕೆಲವು ಕೈಲಾಗದ ಮುದುಕರ ಅಂಗಳವನ್ನು ಸ್ವಚ್ಛಮಾಡಲೂ ನೆರವಾಗುತ್ತವೆ.

ಈ ಕಡೆಯ ಮಾತೇ ಮುಖ್ಯವಾದದ್ದು. ಕೆಲವು ವರುಷಗಳ ಹಿಂದೆ ಸಂಚಾರದಲ್ಲಿದ್ದಾಗ ಒಬ್ಬ ದೊಡ್ಡ ಹಿಡುವಳಿದಾರರಿಗೆ ನಾನು ಈ ಎಲ್ಲ ಸಲಹೆ ಕೊಟ್ಟೆನು. ಅವರು ಹಿತ್ತಿಲನ್ನು ಚೊಕ್ಕಟಮಾಡಿಸಿದರು. ಅವರ ಹಿಂದಿನ ಮನೆಯಲ್ಲಿ ಒಬ್ಬ ಮುದುಕಿ ಒಂಟಿಯಾಗಿದ್ದಳು. ಅವಳ ಕಣಿಕೆಯನ್ನು ಸರಿಸಿ ಒಟ್ಟುವವರು ಯಾರೂ ಇರಲಿಲ್ಲ. ಆ ಬೇಸಿಗೆಯಲ್ಲಿ ಕಿಡಿ ಬಿದ್ದದ್ದು ಅಲ್ಲಿಯೇ. ಅವಳ ಮನೆಯಿಂದ ಹಿಡುವಳಿದಾರರ ಕೊಟ್ಟಿಗೆಗೂ ಉರಿ ದಾಟಿತು. ಭೂಮಿಯಿಲ್ಲದವಳೆಂದು ನಾನು ಅವಳ ಬಾಗಿಲಿಗೆ ಹೋಗಿರಲಿಲ್ಲ. ಆ ತಪ್ಪು ನನ್ನದು.

ಗ್ರಾಮದ ಹಿರಿಯರು ಬೇಸಿಗೆಗೆ ಮುಂಚೆ ಈ ಮೇರೆಗೆ ನಡೆಯಿಸಬೇಕು:

1. ಬಣವೆಗಳನ್ನು ಮನೆಯಿಂದ 30 ಅಡಿಗೆ ಕಡಿಮೆಯಿಲ್ಲದಂತೆ ದೂರ ಒಟ್ಟಬೇಕು; ಸ್ಥಳವಿದ್ದರೆ ಇನ್ನೂ ದೂರ. ಎಲ್ಲ ಮೇವನ್ನು ಒಂದೇ ಕಡೆಗೆ ಒಟ್ಟಬಾರದು.

2. ಮಾಳಿಗೆಯ ಮೇಲಿನ ಮತ್ತು ಹೆಂಚಿನ ಸಂದಿಯೊಳಗಿನ ಒಣ ಎಲೆಗಳನ್ನು ತೆಗೆಯಬೇಕು.

3. ರವದಿಯನ್ನು ಸುಡಬಾರದು. ಎಕರೆಗೆ ಸುಮಾರು 3-4 ಟನ್ನು ಬೀಳುವ ಇದನ್ನು ಸಾಲುಗಳಲ್ಲಿ ಹೊದಿಸಿದರೆ ತೇವವು ಉಳಿದು, ಕೊಳೆತ ಮೇಲೆ ಗೊಬ್ಬರವಾಗುವದು. ಊರಿಗೆ ಹತ್ತಿದ ಹೊಲದ ಅಂಚಿನಲ್ಲಿ ಮಾತ್ರ ಎರಡು ಮಾರು ನೆಲವನ್ನು ರವದಿಯಿಲ್ಲದಂತೆ ಉತ್ತು ಬಿಡತಕ್ಕದ್ದು.

4. ಕಬ್ಬಿನ ಮೇಲೆ ಜೋತುಬಿದ್ದ ವಿದ್ಯುತ್ ತಂತಿಯನ್ನು ಕಂಡಕೂಡಲೇ ಬರವಣಿಗೆಯಲ್ಲಿ ತಿಳಿಸಬೇಕು. ಹುಕ್ಕೇರಿ ಭಾಗದಲ್ಲಿ 1969ರಲ್ಲಿ ಸ್ಥಾಪಿತವಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಕ್ಕೆ ತಿಳಿಸಬಹುದು.

5. ಬೆಂಕಿ ಕಂಡೊಡನೆ 101 ಇಲ್ಲವೆ 112ಕ್ಕೆ ಫೋನು ಮಾಡಬೇಕು. ಬಂಬು ಬರುವ ತನಕ ಉಪಯೋಗಿಸಲು ಟ್ರ್ಯಾಕ್ಟರಿನ ನೀರಿನ ಟ್ಯಾಂಕರನ್ನು ತುಂಬಿ ಇಡುವದು ಒಳ್ಳೆಯದು.

ಇವುಗಳನ್ನು ಅನುಕೂಲಸ್ಥರು ತಾವೇ ಮಾಡಿಕೊಳ್ಳಬಲ್ಲರು. ವಿಧವೆಯರು, ಮುದುಕರು, ದುಡಿಯಲು ಪರಸ್ಥಳಕ್ಕೆ ಹೋದವರ ಮನೆಯವರು ಮಾಡಲಾರರು. ಅವರಿಗಾಗಿ ಊರಿನ ಸಹಕಾರಿ ಸಂಘವೂ ತರುಣ ಮಂಡಲಗಳೂ ವರುಷಕ್ಕೆ ಎರಡು ದಿನ ಎತ್ತು, ಬಂಡಿ, ಟ್ರ್ಯಾಕ್ಟರು, ಆಳುಗಳನ್ನು ಒದಗಿಸಿದರೆ ಸಾಕು. ಇದು ನಮಗೆ ಹೊಸ ಮಾರ್ಗವಲ್ಲ. 1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಶಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘವನ್ನು ಕಟ್ಟಿದ್ದು, ಒಬ್ಬನ ಕಷ್ಟವನ್ನು ಹಲವರು ಹೊರಬೇಕೆಂಬ ವಿಚಾರದಿಂದಲೇ.

ನೆರೆಯವನ ಕಣಿಕೆಯನ್ನು ಸರಿಸುವದು ಕೇವಲ ಧರ್ಮದ ಕೆಲಸವಲ್ಲ, ನಮ್ಮ ಮನೆಯನ್ನು ಕಾಯುವ ಕೆಲಸವೂ ಅಹುದು. ಹಿರಿಯರು ಈ ವಾರವೇ ಗಾವಠಾಣವನ್ನು ಒಮ್ಮೆ ಸುತ್ತಿ, ಕೈಲಾಗದವರ ಮನೆಗಳನ್ನು ಮೊದಲು ಗುರುತಿಸಬೇಕೆಂದು ವಿನಂತಿ.