ಸೋಮವಾರದ ದುರಸ್ತಿ
ಹುಲಕೋಟಿಯ ಒಂದು ಹಳೆಯ ಗಾಡಿಯ ವೃತ್ತಾಂತ

ನಮ್ಮ ಭಾಗದ ಒಕ್ಕಲು ಮನೆತನಗಳಲ್ಲಿ ಸೋಮವಾರ ಎತ್ತುಗಳ ಹೆಗಲಿಗೆ ನೊಗ ಇಡುವ ಪದ್ಧತಿಯಿಲ್ಲ. ವಾರದಲ್ಲಿ ಒಂದು ದಿನವಾದರೂ ಮೂಕಪ್ರಾಣಿಗೆ ಬಿಡುವು ದೊರೆಯಲಿ ಎಂಬುದು ಹಿರಿಯರ ಕಟ್ಟಳೆ. ನಮ್ಮ ಮನೆಯಲ್ಲಿ ಎತ್ತುಗಳು ಹೋಗಿ, ಬಾಡಿಗೆಯ ಟ್ರ್ಯಾಕ್ಟರ್ ಹೊಲಕ್ಕಿಳಿದ ಮೇಲೆಯೂ ಅವ್ವ ಈ ನೇಮವನ್ನು ಬಿಡಲಿಲ್ಲ. ಎತ್ತುಗಳಿಲ್ಲದ ಮನೆಯಲ್ಲಿ ಆ ಬಿಡುವು ಯಾರಿಗೆ ಸಲ್ಲಬೇಕು? ಅದು ಹಿತ್ತಲಿನ ಬೇವಿನ ಮರದ ಕೆಳಗೆ ನಿಲ್ಲುತ್ತಿದ್ದ ಅಪ್ಪನ ಗಾಡಿಗೆ ಸಂದಿತು. ಸೋಮವಾರ ಗಾಡಿ ಮನೆಯಿಂದ ಹೊರಬೀಳುತ್ತಿರಲಿಲ್ಲ. ಮುಂದೆ ಆ ಗಾಡಿಯ ಜೀರ್ಣೋದ್ಧಾರವೆಲ್ಲ ನಡೆದದ್ದು ಆ ಸೋಮವಾರಗಳಲ್ಲಿಯೇ.

ಗಾಡಿ ಮಹೀಂದ್ರ ಎಫ್.ಸಿ. 150. ಇಂದಿನ ತರುಣರಲ್ಲಿ ಬಹುಮಂದಿ ಇದನ್ನು ಕಂಡಿರಲಾರರು. ಜೀಪಿನ ಚಾಸಿಯ ಮೇಲೆಯೇ ಕಟ್ಟಿದ, ಆದರೆ ಜೀಪಿನಂತೆ ಮುಂದೆ ಚಾಚಿದ ಮೂತಿಯಿಲ್ಲದ ಪುಟ್ಟ ಲಾರಿ. ಚಾಲಕನು ಎಂಜಿನ್ನಿನ ಹಿಂದೆ ಕುಳಿತುಕೊಳ್ಳುವುದಿಲ್ಲ, ಪಕ್ಕದಲ್ಲಿಯೇ ಕುಳಿತುಕೊಳ್ಳುತ್ತಾನೆ. ಎರಡು ಆಸನಗಳ ನಡುವೆ ತಗಡಿನ ಮುಚ್ಚಳದ ಕೆಳಗೆ ಎಂಜಿನ್ ಇರುತ್ತದೆ. ಬೇಸಿಗೆಯಲ್ಲಿ ಗದಗಿಗೆ ಹೋಗಿ ಬರುವಷ್ಟರಲ್ಲಿ ಕಾಲಿನ ಒಂದು ಮಗ್ಗುಲು ಬೆಂದಂತಾಗುತ್ತದೆ. ಅಮೆರಿಕದ ವಿಲ್ಲಿಸ್ ಕಂಪನಿಗಾಗಿ ಬ್ರೂಕ್ಸ್ ಸ್ಟೀವನ್ಸ್ ಎಂಬ ವಿನ್ಯಾಸಕಾರನು ರೂಪಿಸಿದ ಈ ಮಾದರಿ 1956ರ ಕೊನೆಗೆ ಅಲ್ಲಿ ಮಾರುಕಟ್ಟೆಗೆ ಬಂದಿತು. 1947ರಿಂದ ವಿಲ್ಲಿಸ್ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸುತ್ತ ಬಂದಿದ್ದ ಮಹೀಂದ್ರ ಕಂಪನಿ 1965ರ ಸುಮಾರಿಗೆ ಇದನ್ನು ನಮ್ಮ ದೇಶದಲ್ಲಿಯೂ ತಯಾರಿಸತೊಡಗಿತು. ನಮ್ಮದು 1968ರ ಗಾಡಿ. ಅಪ್ಪ ಅದನ್ನು 1979ರಲ್ಲಿ ಹುಬ್ಬಳ್ಳಿಯಲ್ಲಿ ಎರಡನೆಯ ಕೈಯಿಂದ ಕೊಂಡು ತಂದರು. ಮೈಸೂರು ರಾಜ್ಯದ ಕಾಲದ, ಎಂ.ವೈ. ಎಂದು ಆರಂಭವಾಗುವ ನೋಂದಣಿ ಸಂಖ್ಯೆಯನ್ನು ಈಗಲೂ ಅದು ಹೊತ್ತಿದೆ.

ಹುಲಕೋಟಿಯಿಂದ ಗದಗಿನ ಮಾರುಕಟ್ಟೆ ಪ್ರಾಂಗಣ ಹತ್ತು ಹನ್ನೆರಡು ಕಿಲೋಮೀಟರ್. ಹೆಸರು, ಕಡಲೆ, ಉಳ್ಳಾಗಡ್ಡಿ, ಒಣಮೆಣಸಿನಕಾಯಿ, ಹತ್ತಿ, ನಮ್ಮ ಎರೆಹೊಲದಲ್ಲಿ ಬೆಳೆದುದೆಲ್ಲವೂ ಮೂವತ್ತು ವರುಷ ಈ ಗಾಡಿಯ ಬೆನ್ನೇರಿಯೇ ಹೋಯಿತು. ಮದುವೆಯ ಪಾತ್ರೆ ಪರಡಿ, ಹೆರಿಗೆಗೆ ಹೊರಟ ಸೊಸೆಯಂದಿರು, ಅಪ್ಪನ ಕೊನೆಯ ದಿನಗಳ ಆಸ್ಪತ್ರೆಯ ಪಯಣ ಕೂಡ ಅದರಲ್ಲಿಯೇ ಆದವು. 2010ರಲ್ಲಿ ಅಪ್ಪ ಲಿಂಗೈಕ್ಯರಾದರು. ಅವರಿರುವವರೆಗೆ ಗಾಡಿ ಹೇಗೋ ನಡೆಯಿತು. ಯಾವ ಸದ್ದಿಗೆ ಎಲ್ಲಿ ಒದೆಯಬೇಕು, ಯಾವ ವಾಸನೆಗೆ ಎಲ್ಲಿ ನಿಲ್ಲಬೇಕು ಎಂಬುದು ಅವರೊಬ್ಬರಿಗೇ ಗೊತ್ತಿದ್ದ ವಿದ್ಯೆ.

ನಿಲ್ಲದ ಗಾಡಿ

2012ರ ಶ್ರಾವಣದ ಒಂದು ಬೆಳಗು. ಹೆಸರಿನ ಹತ್ತು ಚೀಲ ಹೇರಿಕೊಂಡು ಗದಗಿನ ಕಡೆ ಹೊರಟಿದ್ದೆ. ಎಂಟು ವರುಷದ ಮಗಳು ಹಟ ಹಿಡಿದು ಪಕ್ಕದಲ್ಲಿ ಕುಳಿತಿದ್ದಳು. ಎದುರಿಗೆ ಎಮ್ಮೆಗಳ ಹಿಂಡು ರಸ್ತೆಗಿಳಿಯಿತು. ಬ್ರೇಕಿನ ಮೇಲೆ ಕಾಲಿಟ್ಟೆ. ಪೆಡಲು ಯಾವ ತಡೆಯೂ ಇಲ್ಲದೆ ನೆಲಕ್ಕೆ ಮುಟ್ಟಿತು. ಎರಡನೆಯ ಸಲ ತುಳಿದಾಗಲೂ ಅಷ್ಟೇ. ಕೆಳಗಿನ ಗೇರಿಗೆ ಇಳಿಸಿ, ಕೈಬ್ರೇಕು ಎಳೆದು, ರಸ್ತೆಯ ಪಕ್ಕದ ಹತ್ತಿಯ ಹೊಲಕ್ಕೆ ಗಾಡಿಯನ್ನು ಹಾಯಿಸಿದೆ. ಮಳೆಗೆ ನೆನೆದ ಎರೆಮಣ್ಣು ಚಕ್ರಗಳನ್ನು ಹಿಡಿದು ನಿಲ್ಲಿಸಿತು. ಯಾರಿಗೂ ಪೆಟ್ಟಾಗಲಿಲ್ಲ. ಮಗಳು ಅಳಲಿಲ್ಲ. ಮನೆಗೆ ಬರುವವರೆಗೂ ಮಾತನ್ನೂ ಆಡಲಿಲ್ಲ.

ಅಂದು ರಾತ್ರಿ ಮನೆಯಲ್ಲಿ ನಡೆದ ಮಾತು ಸುಲಭದ್ದಾಗಿರಲಿಲ್ಲ. ಅಣ್ಣ ಗುಜರಿಗೆ ಹಾಕೋಣವೆಂದ. ತೂಕಕ್ಕೆ ಎಷ್ಟು ಬಂದೀತು ಎಂಬ ಲೆಕ್ಕವನ್ನೂ ಮಾಡಿದ್ದ. ಅವನದು ತಪ್ಪಲ್ಲ, ಅದೇ ಹಣಕ್ಕೆ ಇನ್ನಷ್ಟು ಕೂಡಿಸಿದರೆ ಹೊಸ ಕಾಲದ ಸಣ್ಣ ಗೂಡ್ಸ್ ಗಾಡಿಗೆ ಮುಂಗಡವಾಗುತ್ತಿತ್ತು. ಅವ್ವ ಮಾತ್ರ, “ತಮ್ಮಾ, ಅಪ್ಪ ಕುಂತ ಜಾಗಾ ಅದು,” ಎಂದು ಒಳಗೆ ಹೋದಳು. ನನ್ನ ಹೆಂಡತಿಯದು ಒಂದೇ ಷರತ್ತು: ಬ್ರೇಕು ಸರಿಯಾಗುವವರೆಗೆ ಮಗು ಆ ಗಾಡಿ ಹತ್ತಕೂಡದು. ಮೂವರ ಮಾತಿನಲ್ಲಿ ಅತ್ಯಂತ ವಿವೇಕದ ಮಾತು ಇದೇ ಎಂದು ಇಂದಿಗೂ ನನಗೆ ಅನ್ನಿಸುತ್ತದೆ.

ಗದಗಿನಿಂದ ಬಂದ ಹಿರಿಯ ಮಿಸ್ತ್ರಿಯೊಬ್ಬರು ಗಾಡಿಯ ಕೆಳಗೆ ಅರ್ಧ ತಾಸು ಮಲಗಿ ನೋಡಿ ಎದ್ದರು. ನಾನು ಎಂಜಿನ್ನಿನ ಹೊಗೆ, ಕಳಚಿ ಬಿದ್ದ ಬಣ್ಣ, ಹರಿದ ಆಸನ ಎಂದೆಲ್ಲ ಪಟ್ಟಿ ಓದಿದೆ. ಅವರು ಕೈ ಒರೆಸಿಕೊಳ್ಳುತ್ತ, “ಯಜಮಾನ್ರ, ಓಡಸೂದು ಆಮ್ಯಾಲೆ. ಮೊದಲ ನಿಲ್ಲಸೂದು ನೋಡೂಣ್ರಿ,” ಎಂದರು.

ಈ ಕಾಲದ ಗಾಡಿಗಳ ಬ್ರೇಕಿನ ಬಗೆಗೆ ಓದುಗರು ಒಂದು ಸಂಗತಿಯನ್ನು ತಿಳಿದಿರಬೇಕು. ನಾಲ್ಕೂ ಚಕ್ರಗಳಿಗೆ ಒಂದೇ ಮಾಸ್ಟರ್ ಸಿಲಿಂಡರಿನಿಂದ, ಒಂದೇ ಜಾಲದ ಕೊಳವೆಗಳ ಮೂಲಕ ಬ್ರೇಕ್ ಆಯಿಲ್ಲಿನ ಒತ್ತಡ ಹರಿಯುತ್ತದೆ. ಎಲ್ಲಿಯಾದರೂ ಒಂದು ಕೊಳವೆ ಸೋರಿದರೆ ನಾಲ್ಕೂ ಚಕ್ರಗಳ ಬ್ರೇಕು ಒಮ್ಮೆಲೇ ಹೋಗುತ್ತದೆ. ಈಗಿನ ಗಾಡಿಗಳಲ್ಲಿ ಈ ಜಾಲ ಎರಡು ಭಾಗವಾಗಿರುವುದರಿಂದ ಒಂದು ಕೆಟ್ಟರೂ ಇನ್ನೊಂದು ಉಳಿಯುತ್ತದೆ. ಇದಲ್ಲದೆ ಬ್ರೇಕ್ ಆಯಿಲ್ಲಿಗೆ ಗಾಳಿಯಲ್ಲಿಯ ತೇವವನ್ನು ಹೀರುವ ಗುಣವಿದೆ. ವರುಷಗಟ್ಟಲೆ ಬದಲಾಯಿಸದಿದ್ದರೆ ಆ ನೀರಿನ ಅಂಶ ಉಕ್ಕಿನ ಕೊಳವೆಯನ್ನು ಒಳಗಿನಿಂದಲೇ ತುಕ್ಕು ಹಿಡಿಸುತ್ತದೆ. ಹೊರಗೆ ನೋಡಿದರೆ ಕೊಳವೆ ಗಟ್ಟಿಮುಟ್ಟಾಗಿಯೇ ಕಾಣುತ್ತದೆ. ನಮ್ಮದು ಒಡೆದದ್ದು ಹಾಗೆ. ಅಪ್ಪ ಆಯಿಲ್ ಕಡಿಮೆಯಾದಾಗಲೆಲ್ಲ ಸುರಿಯುತ್ತಿದ್ದರೇ ಹೊರತು ಹಳೆಯದನ್ನು ಎಂದೂ ಹೊರಗೆ ತೆಗೆದಿರಲಿಲ್ಲ.

ಕೊಳವೆಗಳೆಲ್ಲವನ್ನೂ ಹೊಸದಾಗಿ ಎಳೆಸಿದೆವು. ಚಕ್ರದ ಸಿಲಿಂಡರುಗಳ ರಬ್ಬರು, ಲೈನರು ಬದಲಾದವು. ಡ್ರಮ್ಮುಗಳನ್ನು ಲೇತಿನಲ್ಲಿ ತಿದ್ದಿಸಿದೆವು. ಈ ಒಂದು ಕೆಲಸಕ್ಕೆ ಮಾತ್ರ ಗಾಡಿ ಹದಿನೈದು ದಿನ ಮನೆಯಲ್ಲಿ ನಿಂತಿತು. ಬೇರೆಯವರ ಗಾಡಿಗೆ ಬಾಡಿಗೆ ಕೊಟ್ಟು ಮಾಲು ಸಾಗಿಸಿದೆವು. ಬ್ರೇಕಿನ ವಿಷಯದಲ್ಲಿ ಅರ್ಧ ಕೆಲಸ ಮಾಡಿ ರಸ್ತೆಗಿಳಿಯುವುದು ಕೂಡದೆಂಬುದು ಮಿಸ್ತ್ರಿಯವರ ಕಟ್ಟಪ್ಪಣೆಯಾಗಿತ್ತು.

ಬಿಚ್ಚಿದ್ದನ್ನು ಸಂಜೆಗೆ ಮುಚ್ಚುವುದು

ಅಲ್ಲಿಂದ ಮುಂದಿನ ಕ್ರಮವೇ ಬೇರೆ. ಪೂರ್ತಿ ಗಾಡಿಯನ್ನು ಬಿಚ್ಚಿ, ಭಾಗಭಾಗವಾಗಿ ತೊಳೆದು, ಮತ್ತೆ ಕಟ್ಟುವ ಶ್ರೀಮಂತರ ವಿಧಾನ ನಮಗೆ ಸಾಧ್ಯವಿರಲಿಲ್ಲ. ಮಂಗಳವಾರ ಬೆಳಿಗ್ಗೆ ಮಾಲು ಹೋಗಲೇಬೇಕಿತ್ತು. ಆದ್ದರಿಂದ ಒಂದು ಸೋಮವಾರಕ್ಕೆ ಒಂದೇ ಕೆಲಸ, ಬಿಚ್ಚಿದ್ದನ್ನು ಹೊತ್ತು ಮುಳುಗುವುದರೊಳಗೆ ಮುಚ್ಚುವುದು, ಹೊಸ ಭಾಗ ಕೈಯಲ್ಲಿ ಬರುವವರೆಗೆ ಹಳೆಯದನ್ನು ಮುಟ್ಟದಿರುವುದು ಎಂದು ನಿಯಮ ಮಾಡಿಕೊಂಡೆವು. ಇದರಲ್ಲಿ ಇನ್ನೊಂದು ಲಾಭವಿದೆಯೆಂದು ಮಾಡುತ್ತ ಮಾಡುತ್ತ ತಿಳಿಯಿತು. ಒಂದೇ ಭಾಗ ಬದಲಾದಾಗ ಮರುದಿನ ಹೊಸ ಸದ್ದು ಕೇಳಿಸಿದರೆ ಅದರ ಮೂಲ ಎಲ್ಲಿ ಎಂದು ಹುಡುಕಬೇಕಾಗಿಲ್ಲ. ಹತ್ತು ಭಾಗಗಳನ್ನು ಒಮ್ಮೆಲೇ ಬದಲಾಯಿಸಿದವನಿಗೆ ಆ ಅನುಕೂಲವಿಲ್ಲ.

ಬ್ರೇಕಿನ ನಂತರ ಸ್ಟೇರಿಂಗು. ಚಕ್ರವನ್ನು ಎರಡು ಬೆರಳಷ್ಟು ತಿರುಗಿಸಿದರೂ ಗಾಡಿಗೆ ಅದರ ಅರಿವಾಗುತ್ತಿರಲಿಲ್ಲ. ಕಿಂಗ್ ಪಿನ್ನಿನ ಬೇರಿಂಗುಗಳು, ಟೈ ರಾಡಿನ ತುದಿಗಳು ಸವೆದು ಆಟ ಬಂದಿತ್ತು. ಆಮೇಲೆ ಕಮಾನು ಪಾಟಾಗಳು, ಟೈರುಗಳು. ಆಮೇಲೆ ದೀಪ ಮತ್ತು ತಂತಿಗಳು. ಮೂವತ್ತು ವರುಷಗಳಲ್ಲಿ ಯಾರು ಯಾರೋ ಸುತ್ತಿದ್ದ ಬಟ್ಟೆಪಟ್ಟಿಯ ಗಂಟುಗಳನ್ನು ಎಣಿಸಿ ನಾನು ಬೆರಗಾದೆ. ಬೆಂಕಿ ಹತ್ತದೆ ಇದ್ದದ್ದೇ ಪುಣ್ಯ.

ಬಿಡಿಭಾಗಗಳ ವಿಷಯದಲ್ಲಿ ನಾವು ಅದೃಷ್ಟವಂತರು. ಗಾಡಿಯ ಯಂತ್ರಭಾಗಗಳಲ್ಲಿ ಬಹುಪಾಲು ಜೀಪಿನವೇ. ಆ ವಂಶದ ಜೀಪುಗಳು ನಮ್ಮ ದೇಶದಲ್ಲಿ ಹಲವು ದಶಕಗಳವರೆಗೆ ತಯಾರಾದುದರಿಂದ ಹುಬ್ಬಳ್ಳಿಯ ಅಂಗಡಿಗಳಲ್ಲಿ ಕ್ಲಚ್ ಪ್ಲೇಟು, ಬೇರಿಂಗು, ಬ್ರೇಕಿನ ರಬ್ಬರು ಸಿಗುತ್ತವೆ. ಸಿಗದಿರುವುದು ಮೈಯ ಭಾಗಗಳು: ಬಾಗಿಲಿನ ಹಿಡಿಕೆ, ಗಾಜಿನ ರಬ್ಬರು, ಮುಂಭಾಗದ ತಗಡು. ಇವುಗಳಿಗೆ ಲೇತು ಮತ್ತು ತಗಡಿನ ಕೆಲಸದವರೇ ಗತಿ.

ಎಂಜಿನ್ನು ಹರಿಕೇನ್ ಎಂಬ ಹೆಸರಿನದು. ನಾಲ್ಕು ಸಿಲಿಂಡರ್, 2.2 ಲೀಟರ್, ಪೆಟ್ರೋಲಿನದು. ಒಳಗೆ ಗಾಳಿ ಎಳೆದುಕೊಳ್ಳುವ ವಾಲ್ವು ಮೇಲಿನ ಹೆಡ್ಡಿನಲ್ಲಿ, ಹೊಗೆ ಬಿಡುವ ವಾಲ್ವು ಕೆಳಗಿನ ಬ್ಲಾಕಿನಲ್ಲಿ. ಸಿ.ಬಿ. ಪಾಯಿಂಟಿನ ಅಂತರ ಇಂಚಿನ ಸಾವಿರದ ಇಪ್ಪತ್ತು ಭಾಗ, ಪ್ಲಗ್ಗಿನದು ಮೂವತ್ತು ಭಾಗ. ಕೇವಲ ಈ ಎರಡು ಅಂತರಗಳನ್ನು ಸರಿಪಡಿಸಿದ್ದರಿಂದಲೇ ಬೆಳಗಿನ ಹೊತ್ತು ಗಾಡಿ ತಳ್ಳುವ ಕೆಲಸ ತಪ್ಪಿತು. ನೆರೆಯವರು ನಮ್ಮನ್ನು ಕಂಡು ಬಾಗಿಲು ಹಾಕಿಕೊಳ್ಳುವುದೂ ನಿಂತಿತು ಎಂದರೆ ಅತಿಶಯೋಕ್ತಿಯಲ್ಲ.

ಲೀಟರಿಗೆ ಆರೇಳು ಕಿಲೋಮೀಟರ್ ಕೊಡುವ ಈ ಎಂಜಿನ್ನನ್ನು ತೆಗೆದು ಡೀಸೆಲ್ ಎಂಜಿನ್ ಕೂಡಿಸಿರಿ ಎಂದು ಸಲಹೆ ಕೊಟ್ಟವರು ಅನೇಕರು. ಆಸೆ ನನಗೂ ಆಗಿತ್ತು. ಆದರೆ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ ನೋಂದಣಿ ಪತ್ರದಲ್ಲಿಯ ವಿವರಗಳಿಗೆ ಭಿನ್ನವಾಗಿ ಗಾಡಿಯನ್ನು ಮನಬಂದಂತೆ ಬದಲಾಯಿಸುವಂತಿಲ್ಲ. ಬೇರೆ ಎಂಜಿನ್ ಕೂಡಿಸಿದರೆ ಅದು ಪತ್ರದಲ್ಲಿ ದಾಖಲಾಗಬೇಕು. ದಾಖಲಾಗದ ಎಂಜಿನ್ನಿನ ಗಾಡಿ ಅಪಘಾತಕ್ಕೀಡಾದರೆ ವಿಮೆಯ ಪರಿಹಾರಕ್ಕೆ ತಕರಾರು ಬರುವ ಸಂಭವವಿದೆ. ಪೆಟ್ರೋಲಿನಲ್ಲಿ ಉಳಿಸಿದ್ದನ್ನು ಕೋರ್ಟಿನಲ್ಲಿ ಕಳೆಯುವುದು ಜಾಣತನವೆನಿಸಲಿಲ್ಲ.

ಪೆಟ್ರೋಲು ಕೂಡ ಈ ಗಾಡಿ ಹುಟ್ಟಿದ ಕಾಲದ ಪೆಟ್ರೋಲಲ್ಲ. 2000ದ ಫೆಬ್ರುವರಿಯಿಂದ ದೇಶದಲ್ಲೆಲ್ಲ ಸೀಸರಹಿತ ಪೆಟ್ರೋಲು ಬಂದಿತು. ಈಚೆಗೆ ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು ಬರುತ್ತಿದೆ. ಎಥನಾಲಿಗೆ ಹಳೆಯ ಬಗೆಯ ರಬ್ಬರು ತಾಳುವುದಿಲ್ಲ, ಉಬ್ಬುತ್ತದೆ, ಬಿರಿಯುತ್ತದೆ. ನಮ್ಮ ಪೆಟ್ರೋಲ್ ಪಂಪಿನ ಡಯಾಫ್ರಾಮ್ ಒಂದೇ ಮಳೆಗಾಲದಲ್ಲಿ ಎರಡು ಸಲ ಹೋಯಿತು. ಎಂಜಿನ್ ಆಸನದ ಪಕ್ಕದಲ್ಲಿಯೇ ಇರುವ ಗಾಡಿಯಲ್ಲಿ ಪೆಟ್ರೋಲ್ ಸೋರುವುದೆಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಎಥನಾಲ್ ತಾಳುವ ನಳಿಕೆಗಳನ್ನು ಹಾಕಿಸಿ, ಆಸನದ ಹಿಂದೆ ಬೆಂಕಿ ಆರಿಸುವ ಸಿಲಿಂಡರ್ ಇಟ್ಟ ಮೇಲೆಯೇ ಮನೆಯವರಿಗೆ ನೆಮ್ಮದಿ.

ಕಾಗದದ ಕವಲುದಾರಿ

2021ರ ಜುಲೈಯಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮಗಳನ್ನು ಹೊರಡಿಸಿತು. ಮೊದಲ ನೋಂದಣಿಯಿಂದ 50 ವರುಷ ತುಂಬಿದ, ಮೂಲರೂಪ ಕೆಡದ, ವಾಣಿಜ್ಯಕ್ಕೆ ಬಳಸದ ವಾಹನಕ್ಕೆ 20,000 ರೂಪಾಯಿ ಶುಲ್ಕ ತುಂಬಿದರೆ ‘ವಿ.ಎ.’ ಎಂಬ ಅಕ್ಷರಗಳುಳ್ಳ ಸಂಖ್ಯೆ, 10 ವರುಷದ ನೋಂದಣಿ. ಪಟ್ಟಣದಿಂದ ಬಂದ ಬಂಧುವೊಬ್ಬರು, “ಅರ್ಜಿ ಹಾಕಿಬಿಡಿ, ಗೌರವದ ಗಾಡಿಯಾಗುತ್ತದೆ” ಎಂದು ಹುರಿದುಂಬಿಸಿದರು. ಅಣ್ಣನಿಗೂ ಅದು ಹಿಡಿಸಿತು. ನಿಯಮವನ್ನು ಪೂರ್ತಿ ಓದಿದಾಗ ಅದರ ಇನ್ನೊಂದು ಮುಖ ಕಂಡಿತು. ಅಂಥ ವಾಹನವನ್ನು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಅಧ್ಯಯನ, ಇಂಧನ ತುಂಬಿಸುವಿಕೆ, ದುರಸ್ತಿ ಇಂಥ ಕಾರಣಗಳಿಗೆ ಮಾತ್ರ ರಸ್ತೆಗೆ ತರಬಹುದು. ಉಳ್ಳಾಗಡ್ಡಿ ಹೇರಿಕೊಂಡು ಗದಗಿಗೆ ಹೋಗುವಂತಿಲ್ಲ.

ಸರಕು ಸಾಗಣೆಯ ವಾಹನವಾಗಿಯೇ ಉಳಿಸಿಕೊಂಡರೆ ಎಂಟು ವರುಷ ಮೀರಿದ ಗಾಡಿಗೆ ಪ್ರತಿವರುಷ ಯೋಗ್ಯತಾ ಪತ್ರ ಪಡೆಯಬೇಕು. ಬ್ರೇಕು, ದೀಪ, ಹೊಗೆ ಎಲ್ಲವನ್ನೂ ಪರೀಕ್ಷೆಗೊಡ್ಡಬೇಕು. ಒಂದು ವರುಷ ತಪ್ಪಿದರೂ ಗಾಡಿ ಬೇವಿನ ಮರದ ಕೆಳಗೇ ಉಳಿಯುತ್ತದೆ. ಶ್ರೀರಂಗಪಟ್ಟಣದ ಬಳಿ 2023ರಲ್ಲಿ ತೆರೆದ, ಧರ್ಮಸ್ಥಳದವರ ‘ಪಯಣ’ ಸಂಗ್ರಹಾಲಯದಂಥಲ್ಲಿ ಹಳೆಯ ಕಾರುಗಳನ್ನು ಕಂಡು ನಾನೂ ಸಂತೋಷಪಡುವವನೇ. ಅವನ್ನು ಕಾಪಾಡಲು ಅಂಥ ಮನೆಯೇ ಬೇಕು. ನಮ್ಮ ಗಾಡಿ ಮಾತ್ರ ದುಡಿಯುವ ಗಾಡಿ. ಮೂರು ದಿನ ಮನೆಯಲ್ಲಿ ಮಾತಾಯಿತು. ಕೊನೆಗೆ ಅಣ್ಣನೇ, “ಇಪ್ಪತ್ತು ಸಾವಿರ ಕೊಟ್ಟು ನಿಲ್ಲಸೂದಕ್ಕಿಂತ ಪುಗಸಟ್ಟೆ ನಿಲ್ಲಸಬಹುದಲ್ಲ,” ಎಂದು ನಕ್ಕು ಬಿಟ್ಟ. ಅರ್ಜಿ ಹಾಕಲಿಲ್ಲ. ಅವನು ನಕ್ಕದ್ದು ಈ ಗಾಡಿಯ ವಿಷಯದಲ್ಲಿ ಒಂಬತ್ತು ವರುಷಗಳ ನಂತರ.

ನನ್ನ ತಪ್ಪನ್ನೂ ಹೇಳಿಬಿಡುವುದು ಒಳ್ಳೆಯದು. ಎರಡನೆಯ ವರುಷ, ಊರ ಜಾತ್ರೆಗೆ ಮುಂಚೆ, ಆತುರಪಟ್ಟು ಬಣ್ಣ ಹೊಡೆಸಿದೆ. ಕಾಲಿಡುವ ತಗಡಿನ ಕೆಳಗೆ ತುಕ್ಕು ಹಾಗೆಯೇ ಇತ್ತು. ಒಂದು ಮಳೆಗಾಲ ಕಳೆಯುವುದರೊಳಗೆ ಬಣ್ಣ ಉಬ್ಬಿ ಹಪ್ಪಳದಂತೆ ಎದ್ದಿತು. ಅದನ್ನು ಕೆರೆದು, ತಗಡು ಕತ್ತರಿಸಿ, ಹೊಸದು ಬೆಸೆದು, ರೆಡ್ ಆಕ್ಸೈಡ್ ಹಚ್ಚಿ, ಮತ್ತೆ ಬಣ್ಣ ಕಾಣಿಸಲು ಆರು ವರುಷ ಹಿಡಿಯಿತು. ಆ ಆರೂ ವರುಷ ಗಾಡಿ ಕೆಂಪು, ಹಸಿರು, ಬರಿಯ ತಗಡು ಎಂದು ಮೂರು ಬಣ್ಣದಲ್ಲಿ ಓಡಾಡಿತು. ಮಿಸ್ತ್ರಿಯವರು ಏನೂ ಅನ್ನಲಿಲ್ಲ. ಅನ್ನದಿದ್ದದ್ದೇ ಹೆಚ್ಚು ನಾಟಿತು.

ಖರ್ಚಿನ ವಿವರ ಅಪ್ಪನ ಹಳೆಯ ಖಾತೆಪುಸ್ತಕದಲ್ಲಿಯೇ ಇದೆ. ಅವರು ಬರೆದ ಕೊನೆಯ ಪುಟದ ಮರುಪುಟದಿಂದ ನಾನು ಆರಂಭಿಸಿದೆ. ಇಡೀ ಮೊತ್ತವನ್ನು ಒಮ್ಮೆಲೇ ಎದುರಿಗಿಟ್ಟಿದ್ದರೆ ನಾನೂ ಗುಜರಿಯವನನ್ನೇ ಕರೆಯುತ್ತಿದ್ದೆನೇನೋ. ಪ್ರತಿ ಸುಗ್ಗಿಗೆ ಒಂದಿಷ್ಟು ಎತ್ತಿಟ್ಟು, ಅದರಲ್ಲಿ ಆದಷ್ಟು ಮಾಡಿದೆವು. 1905ರಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ ಹುಟ್ಟಿದ ಕಣಗಿನಹಾಳ ನಮ್ಮ ತಾಲೂಕಿನದೇ. ಚಿಲ್ಲರೆ ಹಣ ಕೂಡಿಸಿ ದೊಡ್ಡ ಕೆಲಸ ಮಾಡುವ ಬಗೆ ಈ ನೆಲಕ್ಕೆ ಹೊಸತಲ್ಲ.

ಈಗ ಗಾಡಿ ವಾರಕ್ಕೆ ಎರಡು ಸಲ ಗದಗಿಗೆ ಹೋಗುತ್ತದೆ. ಹೆಚ್ಚು ಭಾರ ಹೇರುವುದಿಲ್ಲ. ರಾತ್ರಿ ಹೆದ್ದಾರಿಗೆ ಇಳಿಸುವುದಿಲ್ಲ. ಮುಂಭಾಗಕ್ಕೆ ಭಾರ ಹೆಚ್ಚಿರುವುದರಿಂದ ಖಾಲಿ ಬರುವಾಗ ಜೋರಾಗಿ ಬ್ರೇಕು ಹಾಕಿದರೆ ಹಿಂದಿನ ಚಕ್ರಗಳು ಜಾರುತ್ತವೆ. ಅದಕ್ಕಾಗಿ ಹಿಂದೆ ಎರಡು ಉಸುಕಿನ ಚೀಲ ಯಾವಾಗಲೂ ಇರುತ್ತವೆ. ಮಿಸ್ತ್ರಿಯವರಿಗೆ ಈಗ ಕೆಳಗೆ ಮಲಗಿ ಕೆಲಸ ಮಾಡಲಾಗುವುದಿಲ್ಲ. ಖುರ್ಚಿ ಹಾಕಿಕೊಂಡು ಕುಳಿತು ಹೇಳುತ್ತಾರೆ. ಅಂದು ಮಾತಾಡದೆ ಮನೆಗೆ ಬಂದ ಹುಡುಗಿ ಹುಬ್ಬಳ್ಳಿಯಲ್ಲಿ ಓದು ಮುಗಿಸಿದ್ದಾಳೆ. ಊರಿಗೆ ಬಂದ ಸೋಮವಾರ ಪಾಯಿಂಟಿನ ಅಂತರವನ್ನು ಅವಳೇ ಅಳೆಯುತ್ತಾಳೆ. ಹೊರಡುವ ಮೊದಲು ಬ್ರೇಕನ್ನು ಮೂರು ಸಲ ತುಳಿದು ನೋಡುವ ಅಭ್ಯಾಸ ಅವಳಿಗೆ ಯಾರೂ ಕಲಿಸಿದ್ದಲ್ಲ.

ಎಡಬಾಗಿಲಿನ ಗಾಜು ಇನ್ನೂ ಪೂರ್ತಿ ಮೇಲೇರುವುದಿಲ್ಲ. ಅದರ ಹಲ್ಲಿನ ಚಕ್ರ ಎಲ್ಲಿಯೂ ಸಿಕ್ಕಿಲ್ಲ. ಲೇತಿನವರಿಗೆ ಮಾದರಿ ಕೊಟ್ಟು ಎರಡು ತಿಂಗಳಾಯಿತು. ಅಲ್ಲಿಯವರೆಗೆ ಮಳೆ ಬಂದರೆ ಆ ಸಂದಿಗೆ ಅವ್ವ ಮಡಿಚಿಟ್ಟ ಗೋಣಿತಟ್ಟು ಇದೆ.