ನೇಸಿನ ಕೈಗೆಲಸದ ಶಾಲೆ

ಸ್ವೀಡನ್ ದೇಶದ ಗೋಥೆನ್‌ಬರ್ಗ್ ನಗರದಿಂದ ಪೂರ್ವಕ್ಕೆ ಸುಮಾರು 30 ಕಿಲೋಮೀಟರು ದೂರದಲ್ಲಿ, ಒಂದು ಸರೋವರದ ದಂಡೆಯ ಮೇಲೆ, ನೇಸ್ ಎಂಬ ದೊಡ್ಡ ಜಮೀನೂ ಬಂಗಲೆಯೂ ಇವೆ. 1868ರಲ್ಲಿ ಅದನ್ನು ಕೊಂಡವನು ಆಗಸ್ಟ್ ಅಬ್ರಹಾಂಸನ್ ಎಂಬ ವರ್ತಕ. ಅವನೂ ಅವನ ಸೋದರಳಿಯ ಆಟೋ ಸಾಲೊಮನ್ನನೂ ಕೂಡಿ 1872ರಲ್ಲಿ ಅಲ್ಲಿ ಹಳ್ಳಿಯ ಹುಡುಗರಿಗಾಗಿ ಒಂದು ಕೈಗೆಲಸದ ಶಾಲೆಯನ್ನು ತೆರೆದರು. ಎರಡು ವರ್ಷಗಳಲ್ಲಿ ಹುಡುಗಿಯರಿಗೂ ಒಂದು ಶಾಲೆಯಾಯಿತು. ಅನಂತರ ಅದೇ ಸ್ಥಳ ಉಪಾಧ್ಯಾಯರ ತರಬೇತಿಯ ಕೇಂದ್ರವಾಗಿ, ದೂರದ ದೇಶಗಳಿಂದಲೂ ಉಪಾಧ್ಯಾಯರು ಅಲ್ಲಿಗೆ ಬಂದು ಕಲಿತರು.

ಆ ಶೀತದೇಶದಲ್ಲಿ ಚಳಿಗಾಲ ದೀರ್ಘ. ಹೊಲದ ಕೆಲಸವಿಲ್ಲದ ತಿಂಗಳುಗಳಲ್ಲಿ ರೈತರು ಒಲೆಯ ಮುಂದೆ ಕುಳಿತು ಚಮಚ, ಕೊಡಲಿಯ ಕಾವು, ಪೀಠ ಮುಂತಾದುವನ್ನು ತಾವೇ ಕೆತ್ತಿಕೊಳ್ಳುತ್ತಿದ್ದರು. ಇದಕ್ಕೆ ಅವರ ಭಾಷೆಯಲ್ಲಿ ಸ್ಲಾಯ್ಡ್ ಎಂದು ಹೆಸರು. ಕಾರ್ಖಾನೆಯ ಅಗ್ಗದ ಸಾಮಾನು ಹಳ್ಳಿಗೆ ಬಂದ ಮೇಲೆ ಈ ಅಭ್ಯಾಸ ಕ್ಷೀಣಿಸಿತು. ನೇಸಿನ ಶಾಲೆ ಹುಟ್ಟಿದ್ದು ಅದನ್ನು ಉಳಿಸುವುದಕ್ಕೆ. ಆದರೆ 1877ರಲ್ಲಿ ಸಾಲೊಮನ್ ಫಿನ್ಲೆಂಡಿಗೆ ಹೋಗಿ ಊನೋ ಸಿಗ್ನೇಯಸ್ ಎಂಬ ಶಿಕ್ಷಣವೇತ್ತನನ್ನು ಕಂಡನು. ಅವನ ಪ್ರಯತ್ನದಿಂದ 1866ರಲ್ಲಿಯೇ ಅಲ್ಲಿನ ಗ್ರಾಮೀಣ ಶಾಲೆಗಳ ಹುಡುಗರಿಗೆ ಕೈಗೆಲಸ ಕಡ್ಡಾಯವಾಗಿತ್ತು. ಕೈಗೆಲಸ ಬಡಗಿಗಳನ್ನು ತಯಾರಿಸುವುದಕ್ಕಲ್ಲ, ಮನುಷ್ಯನನ್ನು ತಿದ್ದುವುದಕ್ಕೆ ಎಂಬುದು ಸಿಗ್ನೇಯಸನ ಮತ. ಸಾಲೊಮನ್ನನು ಅದನ್ನೇ ಹಿಡಿದನು.

ಅವನ ಕ್ರಮ ನೋಡಿ. ಮರಗೆಲಸದ ಮಾದರಿಗಳ ಒಂದು ಶ್ರೇಣಿಯಿದೆ. ಮೊದಲ ಉಪಕರಣ ಚಾಕು. ಅದು ಹಳ್ಳಿಯ ಹುಡುಗನ ಕೈಗೆ ಹೊಸದಲ್ಲ. ಮೊದಲು ಚೂಪಾದ ಒಂದು ಸಣ್ಣ ಕಡ್ಡಿಯನ್ನು ಕೆತ್ತಬೇಕು. ಬರಬರುತ್ತಾ ಗರಗಸ, ತೋಪಡ, ಉಳಿಗಳು ಬರುತ್ತವೆ, ಮಾದರಿಗಳು ಕಠಿಣವಾಗುತ್ತವೆ. ಮಾಡುವ ವಸ್ತು ಮನೆಯ ಉಪಯೋಗಕ್ಕೆ ಬರಬೇಕು; ಬರಿಯ ಅಲಂಕಾರದ ಸಾಮಾನಿಗೆ ಅಲ್ಲಿ ಎಡೆಯಿಲ್ಲ. ಒಬ್ಬೊಬ್ಬನೂ ತನ್ನ ವಸ್ತುವನ್ನು ಆದಿಯಿಂದ ಅಂತ್ಯದವರೆಗೆ ತಾನೇ ಮುಗಿಸಬೇಕು, ತನ್ನ ವೇಗದಲ್ಲಿ ಮುಂದುವರಿಯಬೇಕು. ಎಷ್ಟು ಕಷ್ಟಪಟ್ಟರೂ ಗುರು ಅವನ ಕೆಲಸಕ್ಕೆ ಕೈಹಾಕುವಂತಿಲ್ಲ, ದಾರಿ ತೋರಿಸಬಹುದು ಅಷ್ಟೆ. ನಾವು ಬರೆದ ಪ್ರಬಂಧ ಸರಿಯೋ ತಪ್ಪೋ ಎಂದು ಅಧ್ಯಾಪಕರೇ ಹೇಳಬೇಕು. (ಅವರಲ್ಲಿಯೂ ಭಿನ್ನಾಭಿಪ್ರಾಯವುಂಟು!) ಮರದ ವಿಷಯ ಹಾಗಲ್ಲ. ಮೂಲೆಮಟ್ಟವನ್ನು ಇಟ್ಟೊಡನೆ ಸೊಟ್ಟ ಯಾವುದೆಂದು ಹುಡುಗನಿಗೇ ತಿಳಿಯುತ್ತದೆ.

ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನಮ್ಮ ತಂದೆಯವರು ಬಡಗಿಗಳು. “ನೀನು ಉಳಿ ಮುಟ್ಟಬೇಡಪ್ಪ, ಪುಸ್ತಕ ಹಿಡಿ” ಎಂದೇ ನನ್ನನ್ನು ಬೆಳೆಸಿದರು. ಉಳಿ ಹಿಡಿದವನಿಗೆ ಊರಿನಲ್ಲಿ ಸಿಕ್ಕುವ ಮರ್ಯಾದೆ ಎಷ್ಟೆಂಬುದನ್ನು ಬಲ್ಲವರು ಅವರು. ಆದುದರಿಂದ ಸಾಲೊಮನ್ನನ ಒಂದು ವಾದವನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಕೈಗೆಲಸ ಕಲಿಸಬೇಕಾದವನು ತರಬೇತಾದ ಉಪಾಧ್ಯಾಯ, ಕಸುಬುದಾರನಲ್ಲ ಎಂಬುದು ಅವನ ವಾದ. ಕಸುಬುದಾರನ ಗಮನ ವಸ್ತುವಿನ ಮೇಲೆ, ಉಪಾಧ್ಯಾಯನ ಗಮನ ಮಗುವಿನ ಮೇಲೆ ಎಂಬ ಮಾತಿನಲ್ಲಿ ಸತ್ಯಾಂಶವಿದೆ, ನಿಜ. ಆದರೆ ಹಲಗೆಯನ್ನು ಎತ್ತಿ, ಒಂದು ಕಣ್ಣು ಮುಚ್ಚಿ, ಅಂಚಿನ ಡೊಂಕನ್ನು ಹೇಳಬಲ್ಲ ದೃಷ್ಟಿ ಕೆಲವು ವಾರಗಳ ತರಬೇತಿಯಿಂದ ಬರತಕ್ಕದ್ದಲ್ಲ. ಕಸುಬನ್ನು ಗೌರವಿಸುವ ಶಾಲೆಯು ಕಸುಬುದಾರನನ್ನು ಬಾಗಿಲ ಹೊರಗೆ ನಿಲ್ಲಿಸಿದರೆ, ಆ ಗೌರವ ಯಾರಿಗೆ ಸಂದಂತಾಯಿತು? ಶಾಲೆಯಲ್ಲಿ ಇಬ್ಬರಿಗೂ ಸ್ಥಳವಿರಬೇಕೆಂದು ನನ್ನ ಅಭಿಪ್ರಾಯ.

ನಮ್ಮಲ್ಲಿ 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿಯವರು ಮುಂದಿಟ್ಟ ಮೂಲಶಿಕ್ಷಣವು ಇದಕ್ಕೆ ಸಮೀಪವೆಂದು ತೋರಬಹುದು. ಆದರೆ ಎರಡರ ಗುರಿ ಬೇರೆ. ಗಾಂಧೀಜಿಯವರಿಗೆ ಕಸುಬೇ ಎಲ್ಲ ಪಾಠಗಳ ಕೇಂದ್ರ; ಮಕ್ಕಳು ಮಾಡಿದ ಸಾಮಾನಿನ ಉತ್ಪತ್ತಿಯಿಂದ ಶಾಲೆಯ ವೆಚ್ಚವೂ ನಡೆಯಬೇಕು. ನೇಸಿನಲ್ಲಿ ಕೈಗೆಲಸ ಇತರ ಪಾಠಗಳ ಜೊತೆಗೆ ಒಂದು ಪಾಠ. ಅದರಿಂದ ಲಾಭವನ್ನು ಎಣಿಸಕೂಡದು. ಬಡದೇಶದಲ್ಲಿ ಗಾಂಧೀಜಿಯವರಿಗೆ ಅನ್ಯಮಾರ್ಗ ಕಾಣಲಿಲ್ಲವೆಂಬುದು ಅರ್ಥವಾಗುತ್ತದೆ. ಆದರೂ ಮಗು ಕೆತ್ತಿದ ಚಮಚಕ್ಕೆ ಬೆಲೆ ಕಟ್ಟಿದೊಡನೆ, ಬೇಗ ಕೆತ್ತು ಎಂಬ ಮಾತೂ ಹುಟ್ಟದೆ ಇರದು.

ಅಬ್ರಹಾಂಸನ್ 1898ರಲ್ಲಿ ತೀರಿಕೊಂಡಾಗ ನೇಸ್ ಅವನ ಉಯಿಲಿನಂತೆ ಸರ್ಕಾರಕ್ಕೆ ಸೇರಿತು. ಸ್ವೀಡನ್ನಿನ ಶಾಲೆಗಳಲ್ಲಿ ಸ್ಲಾಯ್ಡ್ ಇಂದಿಗೂ ಕಡ್ಡಾಯ ವಿಷಯ. ಹಿಂದೆ ಹುಡುಗರಿಗೆ ಮರಗೆಲಸ, ಹುಡುಗಿಯರಿಗೆ ಹೊಲಿಗೆ ಎಂಬ ಭೇದವಿತ್ತು. 1969ರ ಪಠ್ಯಕ್ರಮದ ತರುವಾಯ ಹುಡುಗರೂ ಸೂಜಿ ಹಿಡಿಯುತ್ತಾರೆ, ಹುಡುಗಿಯರೂ ಗರಗಸ ಹಿಡಿಯುತ್ತಾರೆ.